ಒಲಿಂಪಿಕ್ಸ್‌ನಲ್ಲಿ ಬೇಸ್‌ಬಾಲ್ ಏಕೆ ನೆಲೆ ನಿಲ್ಲುವುದಿಲ್ಲ?

ಪ್ರಶ್ನೆ: 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೇಸ್‌ಬಾಲ್ ನೋಡಿದ್ದೆ. ಪ್ಯಾರಿಸ್‌ನಲ್ಲಿ ಹುಡುಕಿದರೆ ಇರಲಿಲ್ಲ. 2028ಕ್ಕೆ ಮತ್ತೆ ಬರುತ್ತದೆಯಂತೆ. ಕಾಮನ್‌ವೆಲ್ತ್ ಕೂಟದಲ್ಲಂತೂ ಅದನ್ನು ಕಂಡದ್ದೇ ಇಲ್ಲ. ಅಮೆರಿಕ, ಜಪಾನ್‌ಗಳಲ್ಲಿ ಇಷ್ಟು ಜನಪ್ರಿಯವಾದ ಆಟವನ್ನು ಏಕೆ ಹೊರಗಿಡುತ್ತಾರೆ? ಅಮೆರಿಕದ ಮೇಲಿನ ಅಸಮಾಧಾನವೇ ಕಾರಣ ಎಂದು ಕೆಲವರು ಹೇಳುತ್ತಾರೆ, ನಿಜವೇ?

ಉತ್ತರ: ನಿಮ್ಮ ಕೊನೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಇಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಬಾರಿ ಕೇಳಿದ ವಿವರಣೆ ಅದು. ನನಗೆ ಅದು ಒಪ್ಪಿಗೆಯಿಲ್ಲ. ಅಮೆರಿಕದ ಆಟ ಎಂಬುದೇ ತಪ್ಪಾಗಿದ್ದರೆ ಬಾಸ್ಕೆಟ್‌ಬಾಲ್ ಮತ್ತು ವಾಲಿಬಾಲ್ ಕೂಡ ಎಂದೋ ಹೊರಬೀಳಬೇಕಿತ್ತು. ಎರಡೂ ಹುಟ್ಟಿದ್ದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಎರಡೂ ಒಲಿಂಪಿಕ್ಸ್‌ನಲ್ಲಿ ಗಟ್ಟಿಯಾಗಿ ಕುಳಿತಿವೆ.

1992ರ ಬಾರ್ಸಿಲೋನಾವನ್ನು ನೆನಪಿಸಿಕೊಳ್ಳಿ. ಬೇಸ್‌ಬಾಲ್‌ಗೆ ಮೊದಲ ಬಾರಿ ಅಧಿಕೃತ ಪದಕದ ಸ್ಥಾನ ಸಿಕ್ಕಿದ್ದು ಆ ಕೂಟದಲ್ಲಿ. ಅದಕ್ಕೂ ಮೊದಲು ಅದು ಹಲವು ಸಲ ಪ್ರದರ್ಶನ ಪಂದ್ಯವಾಗಿ ಬಂದು ಹೋಗಿತ್ತು: 1912ರ ಸ್ಟಾಕ್‌ಹೋಮ್, 1936ರ ಬರ್ಲಿನ್, 1956ರ ಮೆಲ್ಬರ್ನ್, 1964ರ ಟೋಕಿಯೊ, ಆಮೇಲೆ 1984 ಮತ್ತು 1988. ಎಂಟು ದಶಕ ಬಾಗಿಲ ಹೊರಗೆ ಕಾದು ಒಳಗೆ ಬಂದ ಆಟ ಅದು. ಅದೇ ಬಾರ್ಸಿಲೋನಾಗೆ ಬಾಸ್ಕೆಟ್‌ಬಾಲ್ ತನ್ನ ದೊಡ್ಡ ತಾರೆಯರನ್ನೆಲ್ಲ ಕರೆತಂದಿತು. ಮೈಕೆಲ್ ಜೋರ್ಡನ್, ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಒಂದೇ ತಂಡದಲ್ಲಿ ಆಡಿದರು, ಜಗತ್ತು ಕಣ್ಣರಳಿಸಿ ನೋಡಿತು. ಬೇಸ್‌ಬಾಲ್ ಅಂಗಳದಲ್ಲಿ ಅಮೆರಿಕದ ಪರ ಆಡಿದವರು ಕಾಲೇಜು ಹುಡುಗರು. ಕ್ಯೂಬಾ ಫೈನಲ್‌ನಲ್ಲಿ ತೈವಾನ್ ತಂಡವನ್ನು 11-1ರಿಂದ ಮಣಿಸಿ ಚಿನ್ನ ಗೆದ್ದಿತು. ಆ ತಂಡ ಅದ್ಭುತವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಾಲದ ಅತ್ಯುತ್ತಮ ಪಿಚರ್‌ಗಳು, ಅಂದರೆ ಚೆಂಡೆಸೆಯುವವರು, ಅತ್ಯುತ್ತಮ ಬ್ಯಾಟರ್‌ಗಳು ಆ ಹೊತ್ತಿಗೆ ಬೇರೊಂದು ಖಂಡದಲ್ಲಿ ತಮ್ಮ ಲೀಗ್ ಪಂದ್ಯ ಆಡುತ್ತಿದ್ದರು. ಗಂಟು ಬಿದ್ದಿರುವುದು ಇಲ್ಲಿಯೇ.

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಋತು ಸಾಮಾನ್ಯವಾಗಿ ಜೂನ್‌ನಲ್ಲಿ ಮುಗಿಯುತ್ತದೆ. ಬೇಸಿಗೆ ಒಲಿಂಪಿಕ್ಸ್ ಬರುವುದು ಬಹುಮಟ್ಟಿಗೆ ಜುಲೈ, ಆಗಸ್ಟ್‌ನಲ್ಲಿ. ಆಟಗಾರರು ಆಗ ಬಿಡುವಾಗಿರುತ್ತಾರೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಶುರುವಾಗುವುದು ಮಾರ್ಚ್ ಕೊನೆಗೆ, ಮುಗಿಯುವುದು ಅಕ್ಟೋಬರ್‌ನ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯೊಂದಿಗೆ. 30 ತಂಡಗಳು, ಪ್ರತಿ ತಂಡಕ್ಕೂ 162 ಪಂದ್ಯ. ವಾರಕ್ಕೆ ಆರು ಪಂದ್ಯ ಎಂಬುದು ಅಲ್ಲಿ ಮಾಮೂಲು. ಎರಡು ವಾರ ಲೀಗ್ ನಿಲ್ಲಿಸಿದರೆ ಸುಮಾರು ಇನ್ನೂರು ಪಂದ್ಯಗಳಿಗೆ ಬೇರೆ ದಿನ ಹುಡುಕಬೇಕು. ಹಿಂದಕ್ಕೆ ತಳ್ಳಿದರೆ ವರ್ಲ್ಡ್ ಸೀರೀಸ್ ನವೆಂಬರ್‌ನ ಚಳಿಗೆ ಸಿಕ್ಕಿಬೀಳುತ್ತದೆ. ಟಿಕೆಟ್, ಪ್ರಸಾರದ ಹಕ್ಕು, ಕ್ರೀಡಾಂಗಣದ ವ್ಯಾಪಾರ, ಎಲ್ಲದಕ್ಕೂ ಹೊಡೆತ. ಇದರ ಮೇಲೆ ಪಿಚರ್‌ನ ತೋಳಿನ ಪ್ರಶ್ನೆ. ಕೋಟಿಗಟ್ಟಲೆ ಡಾಲರ್ ಒಪ್ಪಂದದ ಮೇಲೆ ಇರುವ ಆ ಮೊಣಕೈ ಋತುವಿನ ನಡುವೆ ಬೇರೊಬ್ಬರ ಕೂಟದಲ್ಲಿ ನೋಯಿಸಿಕೊಂಡರೆ ಯಾರು ಹೊಣೆ? ತಂಡದ ಮಾಲೀಕರು ಇದನ್ನು ಕೇಳದೆ ಇರುವುದಿಲ್ಲ.

ಲೀಗ್ ನಿಲ್ಲಿಸುವುದು ಅಸಾಧ್ಯ ಎಂದು ಮಾತ್ರ ಹೇಳಲಾರೆ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ 1998ರ ನಾಗಾನೊದಿಂದ 2014ರ ಸೋಚಿಯವರೆಗೆ ಪ್ರತಿ ಚಳಿಗಾಲದ ಒಲಿಂಪಿಕ್ಸ್‌ಗೂ ಋತುವಿನ ನಡುವೆ ಬಿಡುವು ಕೊಟ್ಟಿತು. ಬೇಸ್‌ಬಾಲ್‌ನಲ್ಲೇ ಉದಾಹರಣೆಗಳಿವೆ. 2008ರಲ್ಲಿ ದಕ್ಷಿಣ ಕೊರಿಯಾ ತನ್ನ ಲೀಗ್ ನಿಲ್ಲಿಸಿ ಬೀಜಿಂಗ್‌ಗೆ ಹೋಯಿತು, ಫೈನಲ್‌ನಲ್ಲಿ ಕ್ಯೂಬಾವನ್ನು 3-2ರಿಂದ ಸೋಲಿಸಿ ಚಿನ್ನ ತಂದಿತು. ಟೋಕಿಯೊ ಕೂಟಕ್ಕೆ ಜಪಾನ್ ತನ್ನ ಲೀಗ್ ನಿಲ್ಲಿಸಿತು, ಯೊಕೊಹಾಮಾದಲ್ಲಿ ಅಮೆರಿಕವನ್ನು 2-0ರಿಂದ ಸೋಲಿಸಿ ಚಿನ್ನ ಗೆದ್ದಿತು. ಲೀಗ್ ನಿಲ್ಲಿಸಿದ ದೇಶಕ್ಕೆ ಚಿನ್ನ ಬಂದದ್ದನ್ನು ನಾನು ಕೇವಲ ಕಾಕತಾಳೀಯ ಎನ್ನಲಾರೆ. ನಿಲ್ಲಿಸದ ಅಮೆರಿಕಕ್ಕೆ ಏನಾಯಿತು ನೋಡಿ. 2000ದ ಸಿಡ್ನಿಯಲ್ಲಿ, ವೃತ್ತಿಪರರಿಗೆ ಅವಕಾಶ ಸಿಕ್ಕ ಮೊದಲ ಕೂಟದಲ್ಲಿ, ಮೇಜರ್ ಲೀಗ್‌ಗಿಂತ ಕೆಳಹಂತದ ಲೀಗ್‌ಗಳ ಆಟಗಾರರೊಂದಿಗೇ ಹೋಗಿ, ಫೈನಲ್‌ನಲ್ಲಿ ಕ್ಯೂಬಾವನ್ನು 4-0ರಿಂದ ಸೋಲಿಸಿ ಚಿನ್ನವನ್ನೇನೋ ಗೆದ್ದಿತು. ಆದರೆ ಮೂರೇ ವರ್ಷಗಳ ನಂತರ ಅರ್ಹತಾ ಸುತ್ತಿನಲ್ಲಿ ಮೆಕ್ಸಿಕೊಗೆ 2-1ರಿಂದ ಸೋತು, ಹಾಲಿ ಚಾಂಪಿಯನ್ ಆಗಿಯೂ ಅಥೆನ್ಸ್‌ಗೆ ಹೋಗಲಿಲ್ಲ. ಬೇಸ್‌ಬಾಲ್‌ನ ತವರೇ ಇಲ್ಲದ ಒಲಿಂಪಿಕ್ ಬೇಸ್‌ಬಾಲ್ ಅದು.

ಹೀಗಿರುವಾಗ 2005ರ ಜುಲೈ ಬಂತು. ಸಿಂಗಪುರದಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ. ಅಧ್ಯಕ್ಷರಾಗಿದ್ದ ಜಾಕ್ ರಾಗ್ ಅವರಿಗೆ ಕೂಟದ ಗಾತ್ರ ಕೈಮೀರುತ್ತಿದೆ ಎಂಬ ಆತಂಕವಿತ್ತು. ಆಗಿದ್ದ 28 ಕ್ರೀಡೆಗಳನ್ನೂ ಒಂದೊಂದಾಗಿ ಗುಪ್ತ ಮತದಾನಕ್ಕೆ ಹಾಕಲಾಯಿತು. ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೆ ಉಳಿವು. ಇಪ್ಪತ್ತಾರು ಕ್ರೀಡೆಗಳು ದಾಟಿದವು. ಬೇಸ್‌ಬಾಲ್ ಪರ 50, ವಿರುದ್ಧ 54. ಬೇಸ್‌ಬಾಲ್‌ನ ಸೋದರಿಯಂತಿರುವ, ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳು ಆಡುವ ಸಾಫ್ಟ್‌ಬಾಲ್‌ಗೆ 52-52. ಸಮಬಲ ಎಂದರೆ ಬಹುಮತವಲ್ಲ, ಹಾಗಾಗಿ ಅದೂ ಹೊರಗೆ. 1936ರ ನಂತರ ಪೋಲೊ ಹೊರಬಿದ್ದ ಮೇಲೆ ಒಲಿಂಪಿಕ್ಸ್ ಒಂದು ಕ್ರೀಡೆಯನ್ನು ಕೈಬಿಟ್ಟದ್ದು ಅದೇ ಮೊದಲು. 2008ರ ಬೀಜಿಂಗ್ ಕೂಟದೊಂದಿಗೆ ಬೇಸ್‌ಬಾಲ್‌ನ ಅವಧಿ ಮುಗಿಯುವುದು ಅಂದೇ ನಿರ್ಧಾರವಾಯಿತು.

ಗುಪ್ತ ಮತದಾನವಾದ್ದರಿಂದ ಯಾರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ದಾಖಲೆಯಿಲ್ಲ. ಆದರೆ ಆ ವರ್ಷದ ಹವೆ ಹೇಗಿತ್ತು ಎಂಬುದು ಗೊತ್ತು. ಅದೇ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಬೇಸ್‌ಬಾಲ್‌ನ ದೊಡ್ಡ ಹೆಸರುಗಳನ್ನು ಕರೆಸಿ ಉದ್ದೀಪನ ಮದ್ದಿನ ಬಗ್ಗೆ ವಿಚಾರಣೆ ನಡೆಸಿತ್ತು. ಒಲಿಂಪಿಕ್ ಕ್ರೀಡೆಗಳಲ್ಲಿ ಮೊದಲ ಬಾರಿ ಗಂಭೀರವಾಗಿ ಸಿಕ್ಕಿಬಿದ್ದವರಿಗೆ ಆಗ ಎರಡು ವರ್ಷ ನಿಷೇಧ. ಮೇಜರ್ ಲೀಗ್‌ನಲ್ಲಿ 2005ರ ಆರಂಭದ ನಿಯಮದಂತೆ ಮೊದಲ ತಪ್ಪಿಗೆ ಹತ್ತು ದಿನ. ಒಂದು ಕಡೆ ಎರಡು ವರ್ಷ, ಇನ್ನೊಂದು ಕಡೆ ಹತ್ತು ದಿನ! ಅಥ್ಲೆಟಿಕ್ಸ್‌ನಲ್ಲೋ ಸೈಕ್ಲಿಂಗ್‌ನಲ್ಲೋ ಬೆಳೆದ ಸದಸ್ಯರೊಬ್ಬರು ಇದನ್ನು ಓದಿ ಏನೆಂದುಕೊಂಡಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಮತದಾನ ಮುಗಿದ ಮೇಲೆ, ಆ ವರ್ಷದ ನವೆಂಬರ್‌ನಲ್ಲಿ ಲೀಗ್ ಮೊದಲ ತಪ್ಪಿನ ಶಿಕ್ಷೆಯನ್ನು 50 ಪಂದ್ಯಗಳಿಗೆ ಏರಿಸಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು.

ಇನ್ನು ಮೈದಾನ. ಈ ಭಾಗವನ್ನು ಓದುಗರು ಅಷ್ಟಾಗಿ ಗಮನಿಸುವುದಿಲ್ಲ, ನನಗೋ ಇದೇ ಅತ್ಯಂತ ಸ್ವಾರಸ್ಯದ ಭಾಗ. ಫುಟ್‌ಬಾಲ್, ರಗ್ಬಿ, ಹಾಕಿ ಮೈದಾನಗಳೆಲ್ಲ ಆಯತಗಳು. ಒಂದರಲ್ಲಿ ಇನ್ನೊಂದನ್ನು ಹೇಗೋ ಹೊಂದಿಸಬಹುದು. ಬೇಸ್‌ಬಾಲ್ ಮೈದಾನ ಬೀಸಣಿಗೆಯಂತೆ. ಹೋಮ್ ಪ್ಲೇಟ್ ಎಂಬ ಒಂದು ಮೂಲೆಯಿಂದ ಎರಡು ಗೆರೆಗಳು ಲಂಬಕೋನದಲ್ಲಿ ಹೊರಟು ಹರಡುತ್ತವೆ. ಗೆರೆಯ ತುದಿಯಲ್ಲಿ ಬೇಲಿ ಸುಮಾರು 100 ಮೀಟರ್ ದೂರ, ನಡುವೆ ಸುಮಾರು 120 ಮೀಟರ್. ಓಡುವವನು ಮುಟ್ಟಬೇಕಾದ ನೆಲೆಗಳೇ ಬೇಸ್‌ಗಳು, ಬೇಸ್‌ನಿಂದ ಬೇಸ್‌ಗೆ 27.43 ಮೀಟರ್. ಪಿಚರ್ ನಿಲ್ಲುವ ಮಣ್ಣಿನ ದಿಬ್ಬ ಹೋಮ್ ಪ್ಲೇಟ್‌ಗಿಂತ 25 ಸೆಂಟಿಮೀಟರ್ ಎತ್ತರ. ಆ ದಿಬ್ಬವಿರುವ ನೆಲದಲ್ಲಿ ಬೇರೆ ಯಾವ ಆಟವನ್ನೂ ಆಡಲಾಗದು.

ಒಲಿಂಪಿಕ್ ಕ್ರೀಡಾಂಗಣದಲ್ಲಿ ಬೇಸ್‌ಬಾಲ್ ಆಡಿದರೆ ಏನಾಗುತ್ತದೆ ಎಂಬುದಕ್ಕೆ ಲಾಸ್ ಏಂಜಲೀಸ್‌ನ ಕೊಲಿಸಿಯಂ ಸಾಕ್ಷಿ. 1932 ಮತ್ತು 1984ರ ಒಲಿಂಪಿಕ್ಸ್ ನಡೆದ ಜಾಗ ಅದು. 1958ರಲ್ಲಿ ಮೇಜರ್ ಲೀಗ್‌ನ ಡಾಡ್ಜರ್ಸ್ ತಂಡ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಿಂದ ಬಂದಾಗ ಸ್ವಂತ ಮೈದಾನ ಸಿದ್ಧವಿರಲಿಲ್ಲ, ನಾಲ್ಕು ಋತು ಅಲ್ಲಿಯೇ ಆಡಿತು. ಓಟದ ಪಥಕ್ಕಾಗಿ ಕಟ್ಟಿದ ಆ ಉದ್ದನೆಯ ಬಟ್ಟಲಿನಲ್ಲಿ ಬೀಸಣಿಗೆ ಕೂರಲೇ ಇಲ್ಲ. ಎಡಗಡೆಯ ಬೇಲಿ 251 ಅಡಿಗೇ, ಅಂದರೆ 76 ಮೀಟರ್ ಚಿಲ್ಲರೆಗೇ ಬಂದು ನಿಂತಿತು. ಸಾಧಾರಣ ಹೊಡೆತವೂ ಬೇಲಿ ದಾಟಿ ಹೋಮ್ ರನ್ ಆಗದಿರಲಿ ಎಂದು ಅಲ್ಲಿ ಸುಮಾರು ಹನ್ನೆರಡು ಮೀಟರ್ ಎತ್ತರದ ಜಾಲರಿ ಕಟ್ಟಿದರು. ಬಲಗಡೆ ನೋಡಿದರೆ ಬೇಲಿ ಅಷ್ಟಷ್ಟು ದೂರ, ಅಲ್ಲಿಗೆ ಹೊಡೆದವನಿಗೆ ಬೆವರಿಳಿಯಬೇಕು. 1959ರ ವರ್ಲ್ಡ್ ಸೀರೀಸ್‌ನಲ್ಲಿ ಅಲ್ಲಿ ನಡೆದ ಒಂದೊಂದು ಪಂದ್ಯಕ್ಕೂ 92 ಸಾವಿರಕ್ಕೂ ಹೆಚ್ಚು ಜನ ಬಂದರು. ಆದರೂ 1962ರಲ್ಲಿ ಬೇಸ್‌ಬಾಲ್‌ಗೆಂದೇ ಕಟ್ಟಿದ ಡಾಡ್ಜರ್ ಕ್ರೀಡಾಂಗಣಕ್ಕೆ ತಂಡ ಹೋಗಿಯೇ ಹೋಯಿತು, ಅಲ್ಲಿ ಆಸನ ಸುಮಾರು 56 ಸಾವಿರ. ಬೇಸ್‌ಬಾಲ್‌ಗೆ ಬೇಸ್‌ಬಾಲ್‌ನದೇ ಮನೆ ಬೇಕು.

ಈಗ ಬೇಸ್‌ಬಾಲ್ ಆಡದ ನಗರವೊಂದು ಒಲಿಂಪಿಕ್ಸ್ ನಡೆಸಬೇಕಾದಾಗ ಏನು ಮಾಡಬೇಕು? ಅಥೆನ್ಸ್ ನಗರ ಹಳೆಯ ಹೆಲಿನಿಕೊ ವಿಮಾನ ನಿಲ್ದಾಣದ ಜಾಗದಲ್ಲಿ ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್‌ಗೆ ಮೈದಾನಗಳನ್ನು ಕಟ್ಟಿತು. ಆತಿಥೇಯ ಗ್ರೀಸ್‌ನ ತಂಡದಲ್ಲಿ ಬಹುತೇಕರು ಗ್ರೀಕ್ ಮೂಲದ ಉತ್ತರ ಅಮೆರಿಕದವರು. ಕೂಟ ಮುಗಿದ ಮೇಲೆ ಅಲ್ಲಿ ಆಡುವವರೇ ಇರಲಿಲ್ಲ. ಕೆಲವು ವರ್ಷಗಳ ನಂತರ ಬಂದ ಚಿತ್ರಗಳಲ್ಲಿ ಖಾಲಿ ಆಸನಗಳ ಸಾಲು, ಅಂಗಳದ ತುಂಬ ಆಳೆತ್ತರಕ್ಕೆ ಬೆಳೆದ ಕಳೆ. ಆ ಚಿತ್ರಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬೀಜಿಂಗ್ ಎಚ್ಚರ ವಹಿಸಿ ವುಕೆಸಾಂಗ್‌ನಲ್ಲಿ ತಾತ್ಕಾಲಿಕ ಮೈದಾನ ಕಟ್ಟಿ, ಕೂಟ ಮುಗಿದ ಮೇಲೆ ಕೆಡವಿಹಾಕಿತು. ಎರಡರಲ್ಲಿ ಯಾವುದಾದರೂ ಹಣ ಹೋಗುವುದು ಹೋಗುತ್ತದೆ.

ಲೆಕ್ಕಾಚಾರ ಮೈದಾನಕ್ಕೇ ನಿಲ್ಲುವುದಿಲ್ಲ. ಬೇಸಿಗೆ ಒಲಿಂಪಿಕ್ಸ್‌ಗೆ ಸುಮಾರು 10,500 ಕ್ರೀಡಾಪಟುಗಳ ಮಿತಿ ಇದೆ. ಬೇಸ್‌ಬಾಲ್ ತಂಡವೊಂದಕ್ಕೆ 24 ಜನ ಬೇಕು. ಅಂಗಳದಲ್ಲಿ ಇರುವುದು ಒಂಬತ್ತೇ ಮಂದಿಯಾದರೂ ಪಂದ್ಯ ಆರಂಭಿಸುವ ಪಿಚರ್ ಒಮ್ಮೆ ಪೂರ್ತಿ ಎಸೆದರೆ ನಾಲ್ಕೈದು ದಿನ ತೋಳಿಗೆ ವಿಶ್ರಾಂತಿ ಬೇಕು, ಆದ್ದರಿಂದ ಅರ್ಧ ತಂಡ ಪಿಚರ್‌ಗಳಿಂದಲೇ ತುಂಬುತ್ತದೆ. ಎಂಟು ತಂಡವಾದರೆ 192 ಜನ, ಸಿಗುವುದು ಒಂದೇ ಚಿನ್ನ. ಅಂಗಳದಲ್ಲಿ ಏಳೇಳು ಜನ ಆಡುವ ರಗ್ಬಿ ಸೆವೆನ್ಸ್‌ಗೆ ಹನ್ನೆರಡು ಜನರ ತಂಡ ಸಾಕು, ಪಂದ್ಯ 14 ನಿಮಿಷದ್ದು, ಫುಟ್‌ಬಾಲ್ ಮೈದಾನವೇ ನಡೆಯುತ್ತದೆ, ಗಂಡಸರಿಗೂ ಹೆಂಗಸರಿಗೂ ಪದಕ. 2016ರ ಕೂಟಕ್ಕೆ ಎರಡು ಹೊಸ ಕ್ರೀಡೆ ಆರಿಸುವಾಗ, 2009ರಲ್ಲಿ, ಬೇಸ್‌ಬಾಲ್ ಕೂಡ ಸಾಲಿನಲ್ಲಿತ್ತು. ಗೆದ್ದದ್ದು ರಗ್ಬಿ ಸೆವೆನ್ಸ್ ಮತ್ತು ಗಾಲ್ಫ್. ಗಾಲ್ಫ್ ತನ್ನ ತಾರೆಯರು ಬರುತ್ತಾರೆ ಎಂದು ಧೈರ್ಯವಾಗಿ ಹೇಳಬಲ್ಲುದಾಗಿತ್ತು. ಬೇಸ್‌ಬಾಲ್‌ಗೆ ಆ ಮಾತು ಕೊಡಲಾಗಲಿಲ್ಲ. ಪಂದ್ಯದ ಹೊತ್ತಿಗೆ ಗಡಿಯಾರದ ಲೆಕ್ಕ ಇಲ್ಲದಿರುವುದು ಪ್ರಸಾರಕರಿಗೆ ತಲೆನೋವು ಎಂಬುದೂ ನಿಜ, ಆದರೆ ಟೆನಿಸ್‌ನಲ್ಲೂ ಹಾಗೆಯೇ ಇರುವುದರಿಂದ ಅದಕ್ಕೆ ನಾನು ಹೆಚ್ಚು ತೂಕ ಕೊಡುವುದಿಲ್ಲ.

ಈ ಎಲ್ಲದರಲ್ಲಿ ನಿಜವಾದ ಅನ್ಯಾಯ ಆದದ್ದು ಸಾಫ್ಟ್‌ಬಾಲ್ ಆಡುವ ಹೆಣ್ಣುಮಕ್ಕಳಿಗೆ ಎಂದು ನಾನು ನಂಬಿದ್ದೇನೆ. ಅವರ ಅತ್ಯುತ್ತಮ ಆಟಗಾರ್ತಿಯರು ಎಂದೂ ಒಲಿಂಪಿಕ್ಸ್ ತಪ್ಪಿಸಿರಲಿಲ್ಲ. ಅವರಿಗೆ ಅದೇ ಅತಿ ದೊಡ್ಡ ವೇದಿಕೆ. ಬೀಜಿಂಗ್‌ನಲ್ಲಿ ಜಪಾನಿನ ಪಿಚರ್ ಯುಕಿಕೊ ಉಯೆನೊ ಮಾಡಿದ್ದನ್ನು ನೋಡಿ. ಸಾಫ್ಟ್‌ಬಾಲ್‌ಗೆ ಅದು ಕೊನೆಯ ಒಲಿಂಪಿಕ್ಸ್ ಎಂದು ಎಲ್ಲರಿಗೂ ಗೊತ್ತಿತ್ತು. ಆಗಸ್ಟ್ 20ರಂದು ಒಂದೇ ದಿನ ಎರಡು ಪಂದ್ಯ. ಅಮೆರಿಕದೆದುರು ಒಂಬತ್ತು ಇನಿಂಗ್ಸ್, ಅಂದರೆ ಒಂಬತ್ತು ಸರದಿ, ಎಸೆದು ಸೋತರು. ಆಸ್ಟ್ರೇಲಿಯಾದೆದುರು ಹನ್ನೆರಡು ಇನಿಂಗ್ಸ್ ಎಸೆದು ಗೆದ್ದರು. 318 ಎಸೆತ. ಮರುದಿನ ಫೈನಲ್‌ನಲ್ಲಿ ಮತ್ತೆ ಅವರೇ ಚೆಂಡು ಹಿಡಿದರು, ಇನ್ನೂ 95 ಎಸೆತ. ಜಪಾನ್ 3-1ರಿಂದ ಅಮೆರಿಕವನ್ನು ಸೋಲಿಸಿತು. ಎರಡು ದಿನಗಳಲ್ಲಿ 413 ಎಸೆತ. ಆ ತೋಳು ಆ ರಾತ್ರಿ ಎಷ್ಟು ನೊಂದಿರಬೇಡ! ಅದರ ಮರುದಿನದಿಂದ ಅವರ ಕ್ರೀಡೆಗೆ ಒಲಿಂಪಿಕ್ಸೇ ಇಲ್ಲ. ಹದಿಮೂರು ವರ್ಷಗಳ ನಂತರ, 39ನೆಯ ವಯಸ್ಸಿನಲ್ಲಿ, ಅವರು ಟೋಕಿಯೊ ಫೈನಲ್‌ನಲ್ಲಿ ಮತ್ತೆ ಅಮೆರಿಕದ ಎದುರೇ ಎಸೆದು ಮತ್ತೆ ಚಿನ್ನ ಗೆದ್ದರು. ಆಟಗಾರ್ತಿಯೊಬ್ಬರ ಪಾಲಿನ ಹದಿಮೂರು ವರ್ಷ ಎಂದರೆ ಹೆಚ್ಚೂಕಡಿಮೆ ಇಡೀ ವೃತ್ತಿಜೀವನ. ಉಯೆನೊ ಕಾದರು, ನಡುವಿನ ಒಂದು ಇಡೀ ಪೀಳಿಗೆಗೆ ಆ ಅದೃಷ್ಟವಿರಲಿಲ್ಲ.

ಆ ನಡುವೆ ಎರಡು ಆಟಗಳ ಆಡಳಿತವೂ ಸರಿಯಾಗಿ ನಡೆದುಕೊಳ್ಳಲಿಲ್ಲ. ಬೇಸ್‌ಬಾಲ್‌ಗೆ ಒಂದು ಒಕ್ಕೂಟ, ಸಾಫ್ಟ್‌ಬಾಲ್‌ಗೆ ಇನ್ನೊಂದು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ 2009ರಲ್ಲಿ ಬೇರೆ ಬೇರೆಯಾಗಿ ಅರ್ಜಿ ಹಾಕಿ ಬೇರೆ ಬೇರೆಯಾಗಿ ಸೋತವು. 2013ರಲ್ಲಿ ಒಂದಾದವು. ಅದೇ ಸೆಪ್ಟೆಂಬರ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಉಳಿದಿದ್ದ ಒಂದು ಸ್ಥಾನಕ್ಕೆ ಮತ ನಡೆದಾಗ ಕುಸ್ತಿಗೆ 49, ಬೇಸ್‌ಬಾಲ್-ಸಾಫ್ಟ್‌ಬಾಲ್‌ಗೆ 24, ಸ್ಕ್ವಾಷ್‌ಗೆ 22. ಮತ ಹಾಕುವವರಲ್ಲಿ ಯುರೋಪಿನವರ ಪಾಲು ದೊಡ್ಡದು, ಯುರೋಪಿನಲ್ಲಿ ಬೇಸ್‌ಬಾಲ್ ಬೇರುಬಿಟ್ಟಿರುವುದು ನೆದರ್‌ಲೆಂಡ್ಸ್, ಇಟಲಿಯಂಥ ಒಂದೆರಡು ಕಡೆ ಮಾತ್ರ.

ಬಾಗಿಲು ತೆರೆದದ್ದು 2014ರ ಡಿಸೆಂಬರ್‌ನಲ್ಲಿ. ಆತಿಥೇಯ ನಗರ ತನಗೆ ಬೇಕಾದ ಕೆಲವು ಕ್ರೀಡೆಗಳನ್ನು ತನ್ನ ಕೂಟಕ್ಕೆ ಮಾತ್ರ ಸೇರಿಸಿಕೊಳ್ಳಲು ಕೇಳಬಹುದು ಎಂಬ ಸುಧಾರಣೆ ಅಂದು ಬಂತು. ನೀವು ಕಂಡ ಬಂದು-ಹೋಗುವ ಆಟದ ಗುಟ್ಟು ಇದೇ. ಟೋಕಿಯೊ ಕೇಳಿತು, ಸಿಕ್ಕಿತು. ಪ್ಯಾರಿಸ್‌ಗೆ ಬೇಕಿರಲಿಲ್ಲ, ಕೇಳಲಿಲ್ಲ. ಲಾಸ್ ಏಂಜಲೀಸ್ ಕೇಳಿತು, 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ನಡೆದ ಅಧಿವೇಶನ ಒಪ್ಪಿತು. ಅಂದು ಜೊತೆಗೇ ಒಳಬಂದವು ಕ್ರಿಕೆಟ್, ಸ್ಕ್ವಾಷ್, ಲಾಕ್ರಾಸ್ ಮತ್ತು ಫ್ಲ್ಯಾಗ್ ಫುಟ್‌ಬಾಲ್. 1900ರ ನಂತರ ಒಲಿಂಪಿಕ್ಸ್ ಕಾಣದ ಕ್ರಿಕೆಟ್‌ಗೂ ಬೇಸ್‌ಬಾಲ್‌ಗೂ ಈಗ ಸ್ಥಿತಿ ಒಂದೇ: ಮನೆಯವರಲ್ಲ, ಅತಿಥಿಗಳು. ಕರೆದವರ ಮನೆಗೆ ಮಾತ್ರ ಹೋಗಬಹುದು.

ಉಳಿದ ಕೂಟಗಳನ್ನು ಇದೇ ಕಣ್ಣಿನಿಂದ ನೋಡಿದರೆ ಎಲ್ಲವೂ ತಿಳಿಯಾಗುತ್ತದೆ. ಪ್ಯಾನ್ ಅಮೆರಿಕನ್ ಕೂಟದಲ್ಲಿ 1951ರ ಮೊದಲ ಆವೃತ್ತಿಯಿಂದಲೂ ಬೇಸ್‌ಬಾಲ್ ಇದೆ, ಕೆರಿಬಿಯನ್ ಸುತ್ತಲಿನ ದೇಶಗಳಿಗೆ ಅದು ಉಸಿರಿನಂತೆ. ಏಷ್ಯನ್ ಕೂಟದಲ್ಲಿ 1994ರ ಹಿರೋಷಿಮಾದಿಂದ ಪದಕದ ಕ್ರೀಡೆ, ಜಪಾನ್, ಕೊರಿಯಾ, ತೈವಾನ್‌ಗಳ ಪೈಪೋಟಿ ಅದನ್ನು ಜೀವಂತವಾಗಿಟ್ಟಿದೆ. ದಕ್ಷಿಣ ಕೊರಿಯಾದ ಹುಡುಗರಿಗೆ ಅಲ್ಲಿ ಚಿನ್ನ ಗೆದ್ದರೆ ಕಡ್ಡಾಯ ಸೇನಾ ಸೇವೆಯಿಂದ ವಿನಾಯಿತಿಯೂ ಸಿಗುತ್ತದೆ. ಆ ಫೈನಲ್‌ಗಳಲ್ಲಿ ಅವರ ಮುಖದ ಮೇಲೆ ಕಾಣುವ ಬಿಗಿ ಪದಕದ್ದು ಮಾತ್ರವಲ್ಲ. ಕಾಮನ್‌ವೆಲ್ತ್ ಕೂಟದ ದೇಶಗಳಲ್ಲಿ ಬೇಸ್‌ಬಾಲ್ ಗಟ್ಟಿಯಾಗಿರುವುದು ಕೆನಡಾ ಮತ್ತು ಆಸ್ಟ್ರೇಲಿಯಾದಲ್ಲಿ. ಬ್ಯಾಟು-ಚೆಂಡಿನ ಜಾಗವನ್ನು ಉಳಿದ ಕಡೆ ಕ್ರಿಕೆಟ್ ತುಂಬಿದೆ. ಎರಡು ದೇಶಗಳಿಗಾಗಿ ಯಾರೂ ದಿಬ್ಬದ ಮೈದಾನ ಕಟ್ಟುವುದಿಲ್ಲ.

ಮುಂದೇನು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೇಜರ್ ಲೀಗ್ ತನ್ನ ತಾರೆಯರಿಗಾಗಿ 2006ರಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಎಂಬ ಬೇರೆಯೇ ಕೂಟ ಆರಂಭಿಸಿತು. ಅದು ನಡೆಯುವುದು ಮಾರ್ಚ್‌ನಲ್ಲಿ, ಋತು ಶುರುವಾಗುವ ಮುನ್ನ. 2023ರ ಫೈನಲ್‌ನ ಕೊನೆಯ ಕ್ಷಣದಲ್ಲಿ ಜಪಾನಿನ ಶೋಹೆಯ್ ಒಹ್ತಾನಿ, ಲೀಗ್‌ನಲ್ಲಿ ತಮ್ಮ ಜೊತೆಗಾರರೇ ಆಗಿದ್ದ ಅಮೆರಿಕದ ಮೈಕ್ ಟ್ರೌಟ್ ಅವರನ್ನು ಔಟ್ ಮಾಡಿ 3-2ರಿಂದ ಪಂದ್ಯ ಮುಗಿಸಿದರು. ತಾರೆಯರು ದೇಶದ ಅಂಗಿ ತೊಟ್ಟು ಆಡಲು ಎಷ್ಟು ಹಂಬಲಿಸುತ್ತಾರೆ ಎಂಬುದು ಆ ರಾತ್ರಿ ಕಂಡಿತು. ಈ ಸಲ ಕಾಲವೂ ಸ್ವಲ್ಪ ಅನುಕೂಲವಾಗಿದೆ. ಲಾಸ್ ಏಂಜಲೀಸ್ ಕೂಟ ಆರಂಭವಾಗುವುದು 2028ರ ಜುಲೈ 14ಕ್ಕೆ. ಮೇಜರ್ ಲೀಗ್ ತನ್ನ ತಾರೆಯರ ಪ್ರದರ್ಶನ ಪಂದ್ಯವಾದ ಆಲ್-ಸ್ಟಾರ್ ಪಂದ್ಯಕ್ಕೆಂದು ಪ್ರತಿವರ್ಷ ಬಿಡುವು ಕೊಡುವುದು ಜುಲೈ ನಡುವಿನಲ್ಲೇ. ಪಂದ್ಯಗಳ ತಾಣ ಡಾಡ್ಜರ್ ಕ್ರೀಡಾಂಗಣ, ಹೊಸದಾಗಿ ಒಂದು ಕಲ್ಲನ್ನೂ ಇಡಬೇಕಾಗಿಲ್ಲ. ಆಟಗಾರರಿಗೆ ವಿಮಾನ ಪ್ರಯಾಣವೂ ದೂರದ್ದಲ್ಲ. ಇಷ್ಟೆಲ್ಲ ಕೂಡಿಬಂದಾಗಲೂ ದೊಡ್ಡ ಆಟಗಾರರು ಬರದೆ ಹೋದರೆ ಮುಂದಿನ ಆತಿಥೇಯರ ಮುಂದೆ ಬೇಸ್‌ಬಾಲ್ ಯಾವ ಮುಖ ಹೊತ್ತು ನಿಲ್ಲಬೇಕು ಎಂಬುದೇ ನನ್ನ ಚಿಂತೆ.

ಇನ್ನೊಂದು ದಾರಿಯನ್ನೂ ಒಕ್ಕೂಟ ಹಿಡಿದಿದೆ, ನನಗೆ ಅದರ ಮೇಲೆ ಹೆಚ್ಚು ಭರವಸೆ. ಬೇಸ್‌ಬಾಲ್5 ಎಂದು ಅದರ ಹೆಸರು, 2026ರ ಡಕಾರ್ ಯುವ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಪದಕವಿದೆ. ತಂಡಕ್ಕೆ ಐವರು, ಹುಡುಗರೂ ಹುಡುಗಿಯರೂ ಒಂದೇ ತಂಡದಲ್ಲಿ. ಬೇಸ್‌ನಿಂದ ಬೇಸ್‌ಗೆ 13 ಮೀಟರ್. ಬ್ಯಾಟ್ ಇಲ್ಲ, ಕೈಗವಸಿಲ್ಲ. ಆಡುವ ಹುಡುಗಿ ರಬ್ಬರ್ ಚೆಂಡನ್ನು ತಾನೇ ಮೇಲಕ್ಕೆ ಹಾಕಿ, ಅಂಗೈಯಿಂದ ಹೊಡೆದು ಓಡುತ್ತಾಳೆ. ಪಿಚರ್ ಇಲ್ಲದ್ದರಿಂದ ಮಣ್ಣಿನ ದಿಬ್ಬವೂ ಬೇಕಿಲ್ಲ.